ನಾದಿನಿಯ ಪರೀಕ್ಷಕಿ
ಶಾಲೆಯ ಕಂಪ್ಯೂಟರಿಗೂ ಮನೆಯ ಫೋನಿಗೂ ಒಂದೇ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಆ್ಯಪ್ ಬರೆಯಬೇಕೆಂಬುದು ನನ್ನ ನಾದಿನಿಯ ಹಟ. ನನ್ನನ್ನು ಈ ಮನೆಗೆ ಆರಿಸುವಾಗಲೂ ಯಾರೂ ಇಷ್ಟು ಅಳೆದು ತೂಗಿರಲಿಲ್ಲ. ನಿನ್ನೆ ಜಾವಾಸ್ಕ್ರಿಪ್ಟನ್ನು ಹಾಡಿ ಹೊಗಳಿದ ಬಾಯಿ ಇವತ್ತು ಡಾರ್ಟ್ ಎಂಬ ಇನ್ನೊಂದು ಭಾಷೆಯೇ ಸರಿ ಎನ್ನುತ್ತದೆ. ಊಟದ ಮೇಜಿನ ತುಂಬ ಹಳೆಯ ಫೋನುಗಳು. ತಟ್ಟೆ ಇಡಲು ಜಾಗವಿಲ್ಲ. "ಯಾವುದೋ ಒಂದನ್ನ ಹಿಡಿಯೇ ತಾಯಿ, ದಿನಕ್ಕೊಂದು ಬದಲಾಯಿಸೋದು ನೋಡಿದ್ರೆ ನಂಗೆ ಭಯ ಆಗ್ತಿದೆ" ಎಂದರೆ, "ಸುಮ್ನಿರಿ ಅತ್ತಿಗೆ, ಪರೀಕ್ಷಕಿ ಇನ್ನೂ ಒಪ್ಪಿಲ್ಲ" ಎನ್ನುತ್ತಾಳೆ. ಪರೀಕ್ಷಕಿ ಎಂದರೆ ನನ್ನ ಮಗಳು. ಮೂರು ತುಂಬಿದರೂ ಅವಳಿಗೆ ಮಾತು ಬಂದಿಲ್ಲ. ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಅವಳು ಲೋಟದ ಚಿತ್ರ ಮುಟ್ಟಿದರೆ ಆ್ಯಪ್ "ನೀರು" ಎನ್ನಬೇಕು. ದನಿ ಚೂರು ತಡವಾದರೂ ಮಗು ಎದ್ದು ಹೋಗುತ್ತದೆ. ಆಗ ನಾದಿನಿ, "ಇವಳು ಕಾದಿದ್ದು ಸಾಕು" ಎಂದು ಬರೆದದ್ದನ್ನೆಲ್ಲ ಅಳಿಸಿ, ಇನ್ನೊಂದು ಭಾಷೆಯಲ್ಲಿ ಮೊದಲಿನಿಂದ ಬರೆಯಲು ಕೂರುತ್ತಾಳೆ.