ಗಟ್ಟಿಮೇಳ ಯಾವಾಗ್ರಿ?

ದೇವರು, ಮಂತ್ರ, ತಾಳಿ ಯಾವುದೂ ಬೇಡ, ಒಬ್ಬರಿಗೊಬ್ಬರು ಮಾತು ಕೊಟ್ಟರೆ ಸಾಕು ಎಂದ ಹಾಲೆಂಡಿನ ಜೋಡಿಗೆ ಹಂಪಿ ಹತ್ತಿರದ ತೋಟದಲ್ಲಿ ಮದುವೆ ಏರ್ಪಾಟು ಮಾಡಿದ್ದೆ. ಡೋಲು ಮಾತ್ರ ಬೇಕೆಂದಿದ್ದರು. ಹೊಸಪೇಟೆಯ ಹನುಮಂತಪ್ಪ ಡೋಲು ಇಳಿಸಿದವರೇ ಕೇಳಿದರು:

"ತಾಳಿ ಇಲ್ಲಂದ್ರ ಗಟ್ಟಿಮೇಳ ಯಾವಾಗ್ರಿ ಅಕ್ಕಾರ?"

ಅದು ನನಗೂ ಹೊಳೆದಿರಲಿಲ್ಲ. "ನಾ ಕೈ ಎತ್ತಿದಾಗ ಬಾರಿಸ್ರಿ," ಅಂದೆ.

ಇಬ್ಬರೂ ಎದುರುಬದುರು ನಿಂತು ತಮ್ಮ ಭಾಷೆಯಲ್ಲಿ ಬರೆದುಕೊಂಡದ್ದನ್ನು ಓದತೊಡಗಿದರು. ಎಲ್ಲಿ ಮುಗಿಯುತ್ತದೋ ತಿಳಿಯದೆ ನಾನು ಬೆವೆತೆ. ಅಷ್ಟರಲ್ಲಿ ವರ ಓದುವುದನ್ನು ಬಿಟ್ಟು ಕಣ್ಣೊರೆಸಿಕೊಂಡ. ವಧು ಕಾಗದ ಮಡಚಿಟ್ಟು ಅವನ ಕೈ ಹಿಡಿದಳು. ಡೋಲು ಮೊಳಗಿಯೇಬಿಟ್ಟಿತು. ನನ್ನ ಕೈ ಇನ್ನೂ ಕೆಳಗೇ ಇತ್ತು.

ಆಮೇಲೆ ಕೇಳಿದ್ದಕ್ಕೆ ಹನುಮಂತಪ್ಪ ಅಂದರು, "ಇಷ್ಟು ವರ್ಷ ಐನೋರ ಕೈ ನೋಡಿ ಬಾರಿಸೀನ್ರಿ. ಇವತ್ತ ಮೊದಲ್ನೇ ಸಲ ಮದುಮಕ್ಕಳ ಮುಖ ನೋಡಿದೆ."

ಈಗ ಮಂತ್ರದ ಮದುವೆಗಳಲ್ಲೂ ಅವರ ಡೋಲು ಒಮ್ಮೊಮ್ಮೆ ಮುಂಚೆಯೇ ಮೊಳಗುತ್ತದಂತೆ. ಐನೋರಿಗೆ ನನ್ನ ಮೇಲೆ ಭಾಳ ಸಿಟ್ಟು.