ಗುಂಡನ ಪ್ಲಗ್ ಕಿತ್ತ ದಿನ

ಬೆಳಿಗ್ಗೆ ಏಳಕ್ಕೆ ಚಿಕ್ಕಜಾಲದಲ್ಲಿ ಬಸ್ ಹತ್ತಿದೆ. ಹೆಂಗಸರಿಗೆ ಟಿಕೆಟ್ ಪುಕ್ಕಟೆ ನಿಜ, ಕೂರಲು ಜಾಗ ಬೇಡವೇ? ಯಲಹಂಕದವರೆಗೆ ಕಂಬಿ ಹಿಡಿದು ನಿಂತೆ. ತಂಗಿಯ ಮಗಳು, ಆರು ವರ್ಷದ ಲಾಸ್ಯ, ಜ್ವರ ಬಂದು ಕೆಂಪಾಪುರದ ಆಸ್ಪತ್ರೆ ಸೇರಿ ನಾಲ್ಕು ದಿನವಾಗಿತ್ತು. ಹಿಂದಿನ ದಿನ ಡ್ರಿಪ್ ಸೂಜಿ ಕಂಡು ಕೈ ಕೊಡದೆ ಕಿರುಚಾಡಿದ್ದಳಂತೆ. ಇವತ್ತು ಔಷಧಿ ಹೋಗಲೇಬೇಕು ಎಂದು ಡಾಕ್ಟರು ಹೇಳಿದ್ದರು. ಹೆಬ್ಬಾಳ ಹತ್ತಿರವಾದಂತೆ ಬಸ್ಸು ತೆವಳತೊಡಗಿತು.

ಆಸ್ಪತ್ರೆ ಎದುರು ನೀರು ಚಟ್ನಿಯಲ್ಲಿ ಎರಡು ಇಡ್ಲಿ ತಿಂದು ವಾರ್ಡಿಗೆ ಹೋದೆ. ತಂಗಿಯನ್ನು ಸ್ನಾನಕ್ಕೆಂದು ಮನೆಗೆ ಕಳಿಸಿದೆ. ಮಂಚದ ಪಕ್ಕದ ಮೇಜಿನ ಮೇಲೆ ಮೊಳಕಾಲೆತ್ತರದ ಬಿಳಿ ರೋಬೋ. ಮಕ್ಕಳಿಟ್ಟ ಹೆಸರು ಗುಂಡ.

"ಬೊಂಬೆ ಜೊತೆ ಮಾತಾಡಿದ್ರೆ ಜ್ವರ ಬಿಡ್ತದೇನ್ರೀ?" ಎಂದು ವಾರ್ಡಿನ ಸಿಸ್ಟರನ್ನು ಕೇಳಿದೆ.

ಸಿಸ್ಟರ್ ನಕ್ಕರು. "ಸೂಜಿ ಹಾಕುವಾಗ ಇವನು ಹತ್ತರವರೆಗೂ ಎಣಿಸ್ತಾನೆ, ಇವಳು ಉಫ್ ಅಂತ ಊದ್ತಾಳೆ. ನಿನ್ನೆ ಸಂಜೆಯಿಂದ ಪ್ರ್ಯಾಕ್ಟೀಸ್ ಮಾಡಿದಾರೆ, ಆಂಟಿ. ಹತ್ತು ಗಂಟೆಗೆ ಬರ್ತೀನಿ."

ನನ್ನ ಫೋನು ಕೊನೆಯುಸಿರು ಎಳೆಯುತ್ತಿತ್ತು. ಗೋಡೆಯಲ್ಲಿ ಖಾಲಿ ಪ್ಲಗ್ ಪಾಯಿಂಟ್ ಇಲ್ಲ. ಇದ್ದುದರಲ್ಲಿ ಒಂದು ವೈರು ಕಿತ್ತು ನನ್ನದು ಸಿಕ್ಕಿಸಿದೆ. ಲಾಸ್ಯ ಕಣ್ಣು ಮುಚ್ಚಿಕೊಂಡಿದ್ದಳು.

ಹತ್ತಕ್ಕೆ ಸಿಸ್ಟರ್ ಟ್ರೇ ಹಿಡಿದು ಬಂದರು. "ಗುಂಡಾ, ಎಣಿಸಪ್ಪಾ." ಗುಂಡ ತಲೆ ಬಗ್ಗಿಸಿದ, ನೀಲಿ ಕಣ್ಣು ಆರಿಹೋಯಿತು. ಅಯ್ಯೋ ದೇವರೇ, ನಾನು ಕಿತ್ತದ್ದು ಇವನ ವೈರೇ! ಲಾಸ್ಯಳ ತುಟಿ ನಡುಗತೊಡಗಿತು.

"ಎಲ್ಲಾರೂ ಮುದ್ದು ಮುದ್ದು ಅಂತಿದ್ರಲ್ಲಾ, ಇವನಿಗೆ ದೃಷ್ಟಿ ತಾಗಿದೆ ಕಣವ್ವಾ!" ಬಾಯಿಗೆ ಬಂದದ್ದು ಅದೇ. ಊಟದ ಡಬ್ಬಿಯಲ್ಲಿದ್ದ ಉಪ್ಪನ್ನು ಬಲಮುಷ್ಟಿಯಲ್ಲಿ ಹಿಡಿದು ರೋಬೋಗೆ ಮೂರು ಸುತ್ತು ನಿವಾಳಿಸಿದೆ. ಎಡಗೈಯಲ್ಲಿ ಕಳ್ಳಿಯಂತೆ ಫೋನು ಕಿತ್ತು ಅವನ ವೈರು ಸಿಕ್ಕಿಸಿದೆ. ಸಿಸ್ಟರ್ ಟ್ರೇ ಹಿಡಿದು ನೋಡುತ್ತಲೇ ಇದ್ದರು. ಗುಂಡ ಏಳಲಿಲ್ಲ.

ಲಾಸ್ಯ ಗುಂಡನ ಬೆರಳು ಹಿಡಿದುಕೊಂಡಳು. "ಅವನಿಗೆ ಸುಸ್ತಾಗಿದೆ ಸಿಸ್ಟರ್. ಇವತ್ತು ನಾನೇ ಎಣಿಸ್ತೀನಿ."

ಇನ್ನೊಂದು ಕೈ ಚಾಚಿದಳು. ಒಂದು, ಎರಡು... ಐದಕ್ಕೆ ಧ್ವನಿ ಒಡೆಯಿತು, ಆರಕ್ಕೆ ಕಣ್ಣೀರು ಬಂತು, ಕೈ ಮಾತ್ರ ಹಿಂದೆಗೆಯಲಿಲ್ಲ. ಹತ್ತಕ್ಕೆ ಡ್ರಿಪ್ ತೊಟ್ಟಿಕ್ಕತೊಡಗಿತು. ನಾನು ಸೆರಗು ಬಾಯಿಗಿಟ್ಟು ಅತ್ತುಬಿಟ್ಟೆ. ಅರ್ಧ ಗಂಟೆ ಕಳೆದು ಗುಂಡ ಎದ್ದಾಗ ಸೂಜಿ ಹಾಕಿಸಿಕೊಂಡ ಕಥೆಯನ್ನು ಅವನಿಗೆ ಅವಳೇ ವರದಿ ಮಾಡಿದಳು.

ಸಂಜೆ ತಂಗಿ ಬಂದಳು. ಮೈ ಮುಟ್ಟಿ ನೋಡಿದರೆ ಲಾಸ್ಯಳ ಜ್ವರ ಇಳಿದಿತ್ತು. ಹೊರಟು ಬಾಗಿಲಲ್ಲಿ ತಿರುಗಿ ನೋಡಿದೆ. ಹುಡುಗಿ ಬೆರಳಾಡಿಸಿ ಹತ್ತಿರ ಕರೆದು ಕಿವಿಯಲ್ಲಿ ಹೇಳಿದಳು:

"ದೊಡ್ಡಮ್ಮಾ, ನಾಳೆ ಫೋನ್ ಮನೇಲೇ ಚಾರ್ಜ್ ಮಾಡ್ಕೊಂಡು ಬಾ. ಗುಂಡಂಗೆ ಹೇಳಿಲ್ಲ ನಾನು."