ಹಬ್ಬಕ್ಕೆ ಉಜ್ಜಿದ ಬೇಸಿನ್

ನನ್ನ ತಂಗಿ ಒಂದು ದಿನ ನನ್ನನ್ನು ಒಂದೇ ಒಂದು ಪ್ರಶ್ನೆ ಕೇಳಿದಳು. ಹೌದು ಅನ್ನಬೇಕಾಗಿತ್ತು. ನಾನು ಅನ್ನಲಿಲ್ಲ. ಇಲ್ಲ ಅಂದೆ — ಅದೂ ಅವಳ ಮುಖ ನೋಡಿಕೊಂಡೇ. ಅಂದಿನಿಂದ ಅವಳು ತನ್ನ ಕೈಕೆಲಸವನ್ನೇ ನಂಬದವಳಾದಳು. ಅದನ್ನು ಕಣ್ಣಾರೆ ನೋಡುತ್ತಾ ನಾನು ವರ್ಷಗಟ್ಟಲೆ ಸುಮ್ಮನಿದ್ದೆ.

ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಬರೆದು ರೂಢಿಯಿಲ್ಲ. ಆದರೂ ಇದನ್ನು ಬೇರೆಯವರ ಕೈಯಲ್ಲಿ ಬರೆಸುವಂತಿಲ್ಲ.

ಮೇಲೂರಿನಲ್ಲಿ ನಮ್ಮದು ಬಡ ಸಂಸಾರ. ಅಪ್ಪ ಬೇಗ ಹೋದರು. ನಾನು ಚಿಕ್ಕ ವಯಸ್ಸಿಗೇ ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಸೇರಿದೆ. ಬೇಯಿಸಿದ ಗೂಡುಗಳನ್ನು ಬೇಸಿನ್ನಿನ ಉಗುರುಬೆಚ್ಚಗಿನ ನೀರಿಗೆ ಹಾಕಿ, ಎಳೆ ಹುಡುಕಿ, ರಾಟೆಗೆ ಕೊಡಬೇಕು. ದಿನವಿಡೀ ಕೈ ನೀರಿನಲ್ಲೇ. ಸತ್ತ ಹುಳದ ರಸ ಆ ನೀರಿಗೆ ಬಿಟ್ಟು, ಬೇಸಿನ್ನಿನ ಗೋಡೆಗೆ ಲೋಳೆ ಕಟ್ಟುತ್ತದೆ. ಬೆರಳ ಸಂದಿಯಲ್ಲಿ ಚರ್ಮ ಬೆಳ್ಳಗಾಗಿ, ಒಡೆದು, ಕೀವು ತುಂಬುತ್ತದೆ. ಸಂಜೆ ಮನೆಗೆ ಬಂದರೆ ಸಾರಿನ ಖಾರ ಮುಟ್ಟಲು ಆಗುತ್ತಿರಲಿಲ್ಲ. ಆಗ ಮಂಜುಳ — ನನ್ನ ತಂಗಿ — ಇನ್ನೂ ಸಣ್ಣ ಹುಡುಗಿ, ಲಂಗ ಮಡಚಿಕೊಂಡು ಎದುರಿಗೆ ಕೂತು, ಮುದ್ದೆಯನ್ನು ಸಾರಿನಲ್ಲಿ ಅದ್ದಿ ನನ್ನ ಬಾಯಿಗೆ ಇಡುತ್ತಿದ್ದಳು. "ದೊಡ್ಡದಾಗಿ ತೆಗಿಯೇ ಬಾಯಿ, ಮೂಗಿಗೆ ಹೋಗುತ್ತೆ" ಎಂದು ನನಗೇ ಗದರುತ್ತಿದ್ದಳು. ತಾಯಿಯ ಹಾಗೆ.

ನಾನು ದುಡಿದೆ, ಅವಳು ಓದಿದಳು. ಅದನ್ನು ನಾನು ಯಾವತ್ತೂ ಅವಳ ಮುಂದೆ ಎತ್ತಿ ಆಡಿದವಳಲ್ಲ. ಮನಸ್ಸಿನೊಳಗೆ ಎಷ್ಟು ಸಲ ಆಡಿದ್ದೇನೋ — ಅದು ಬೇರೆ.

ನನ್ನನ್ನು ಶಿಡ್ಲಘಟ್ಟಕ್ಕೆ ಕೊಟ್ಟರು. ಗಂಡನ ಮನೆಯವರದ್ದೂ ನೂಲು ಬಿಚ್ಚುವ ಸಣ್ಣ ಘಟಕ, ನಾಲ್ಕಾರು ಬೇಸಿನ್ ಇದ್ದವು. ಮಂಜು ಬಿ.ಎಸ್ಸಿ. ಮುಗಿಸಿ ಗೌರಿಬಿದನೂರಿನ ಒಂದು ಪ್ಲೇಟಿಂಗ್ ಕಾರ್ಖಾನೆಗೆ ಸೇರಿದಳು. ಸ್ಟೀಲ್ ಸಾಮಾನಿಗೆ ಬೇರೆ ಲೋಹದ ಲೇಪ ಕೂರಿಸುವ ಜಾಗ. ಆಸ್ಪತ್ರೆಯ ಟ್ರೇ, ಮಂಚದ ಕಂಬಿ ಇಂಥವಕ್ಕೆ ಕ್ರಿಮಿ ನಿಲ್ಲದಂಥ ಲೇಪ ಹಾಕಿದರೆ ಹೇಗೆ ಎಂದು ಅವಳು ಅಲ್ಲಿ ಹಟ ಹಿಡಿದು ಕೆಲಸ ಮಾಡುತ್ತಿದ್ದಳಂತೆ. ಮೊದಲು ಎಲ್ಲಿಯಾದರೂ ಹಾಕಿ ತೋರಿಸು, ಆಮೇಲೆ ಆಸ್ಪತ್ರೆಯ ಮಾತು ಎಂದರಂತೆ ಮಾಲೀಕರು. ಅವಳು ಆರಿಸಿಕೊಂಡಿದ್ದು ನಾವು ನೂಲು ಬಿಚ್ಚುವಂಥ ಬೇಸಿನ್ನನ್ನು.

ಒಂದು ಬೇಸಿಗೆಯಲ್ಲಿ ಲೇಪ ಹಾಕಿದ ಬೇಸಿನ್ನೊಂದನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಳು. ಬಿಚ್ಚಿದರೆ — ಹೊಳಪೇ ಇಲ್ಲ. ಮಾಸಿದ ಕಂದು ಬಣ್ಣ, ಒಗೆಯದ ಬಟ್ಟೆಯ ಹಾಗೆ.

"ಇದೇನೇ ಇದು, ಹಳೇ ಪಾತ್ರೆ ತಂದಿದ್ದೀಯಾ?" ಅಂದೆ.

"ಹೊಸಾದೇ ಕಣಕ್ಕಾ. ತಾಮ್ರ, ಬೆಳ್ಳಿ ಬೆರೆಸಿ ತೆಳ್ಳಗೆ ಕೂರಿಸಿದ್ದೀನಿ. ಅಜ್ಜಿ ತಾಮ್ರದ ಚೊಂಬಲ್ಲಿ ನೀರಿಡ್ತಿರ್ಲಿಲ್ವಾ? ಅದೇ ಲೆಕ್ಕ. ಬರೀ ಸ್ಟೀಲ್ ಮೇಲೆ ಕ್ರಿಮಿ ಕೂತು ಮರಿ ಮಾಡ್ತವೆ. ಇದರ ಮೇಲೆ ಕೂತ್ರೆ ಸಾಯ್ತವೆ. ಕೈ ಪೂರಾ ವಾಸಿಯಾಗುತ್ತೆ ಅಂತ ಹೇಳಲ್ಲ, ಲೋಳೆಯಂತೂ ಕಟ್ಟಲ್ಲ. ಒಂದೇ ಮಾತು — ಉಜ್ಜಬೇಡ. ನೀರು ಹಾಕಿ ಬಟ್ಟೇಲಿ ಒರೆಸು, ಸಾಕು. ಈ ಮಾಸಲು ಇದೆಯಲ್ಲ, ಇದೇ ಔಷಧಿ."

ಆಮೇಲೆ ನನ್ನ ಬೆರಳುಗಳನ್ನು ಹಿಡಿದು ತಿರುಗಿಸಿ ನೋಡಿದಳು. ಹಳೆಯ ಗಾಯದ ಕಲೆಗಳು ಇನ್ನೂ ಇದ್ದವು.  ಅವಳು ಆ ಬೇಸಿನ್ ಯಾರಿಗಾಗಿ ಮಾಡಿದ್ದಳೆಂದು ನನಗೆ ಅರ್ಥವಾಗಿತ್ತು. ಅರ್ಥವಾಗದೆ ಮಾಡಿದ ತಪ್ಪಲ್ಲ ನನ್ನದು.

ಆ ಬೇಸಿನ್ನಿಗೆ ಮುನಿಯಮ್ಮನನ್ನು ಕೂರಿಸಿದೆವು. ನಮ್ಮಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸರಲ್ಲಿ ಅವಳ ಕೈಯೇ ಎಲ್ಲರಿಗಿಂತ ಕೆಟ್ಟಿತ್ತು. ದಿನ ಕಳೆದ ಹಾಗೆ ಬೇಸಿನ್ನಿನ ಗೋಡೆ ಜಾರುವುದು ನಿಂತಿತು, ನಾತ ಕಡಿಮೆಯಾಯಿತು. ಮಳೆಗಾಲ ಬರುವ ಹೊತ್ತಿಗೆ ಅವಳ ಬೆರಳ ಸಂದಿ ಒಣಗಿತು. ಒಂದು ಬೆಳಿಗ್ಗೆ ಬಂದವಳೇ, "ಪದ್ದಕ್ಕಾ, ನಿನ್ನೆ ಹುಳಿಸಾರು ಕೈಯಾರೆ ಕಲಸ್ಕೊಂಡು ತಿಂದೆ! ನಮ್ಮನೆಯೋರು ಅಂದ್ರು, ಇನ್ಮೇಲೆ ನಿಂಗೆ ತುತ್ತಿಡೋ ಕೆಲಸ ತಪ್ತು ಬಿಡು ಅಂತ" ಎಂದು ನಕ್ಕಳು. ಇದನ್ನು ಫೋನು ಮಾಡಿ ತಂಗಿಗೆ ಹೇಳಿದಾಗ ಅವಳು ಇನ್ನೊಂದು ಸಲ ನನ್ನ ಬಾಯಲ್ಲಿ ಹೇಳಿಸಿ ಕೇಳಿಸಿಕೊಂಡಳು.

ಆಮೇಲೆ ಆಯುಧಪೂಜೆ ಬಂತು.

ನಮ್ಮ ಕಸುಬಿನವರಿಗೆ ಅದೇ ದೊಡ್ಡ ಹಬ್ಬ. ಹಿಂದಿನ ದಿನ ಕೆಲಸ ನಿಲ್ಲಿಸಿ, ರಾಟೆ, ಒಲೆ, ಬೇಸಿನ್ ಎಲ್ಲವನ್ನೂ ತೊಳೆದು, ಹೊಳೆಯುವಂತೆ ಮಾಡಿ, ಅರಿಶಿನ ಕುಂಕುಮ ಇಡಬೇಕು. ಅಕ್ಕಪಕ್ಕದ ಘಟಕದವರು ಪುರಿ ತಿನ್ನಲು ಬರುತ್ತಾರೆ. ಬಂದವರ ಕಣ್ಣು ಎಲ್ಲಿ ಹೋಗುತ್ತದೆ ಎಂದು ಮನೆ ನಡೆಸುವ ಹೆಂಗಸಿಗೆ ಗೊತ್ತು. ಬೇಸಿನ್‌ಗಳೆಲ್ಲ ಫಳಫಳ ಅನ್ನುತ್ತಿದ್ದವು. ನಡುವೆ ಇದೊಂದು ಸೂತಕ ಹಿಡಿದಂತೆ ಕೂತಿತ್ತು.

ಕೋಪ ಬಂದರೆ ನಮ್ಮತ್ತೆಯ ಬಾಯಿಗೆ ತೆಲುಗು ಬರುತ್ತಿತ್ತು, ಹಬ್ಬ ಹೋಗಿ ಪಂಡಗ ಆಗುತ್ತಿತ್ತು. "ಏಮ್ಮಾ, ಪಂಡಗ ದಿನಾನೂ ಈ ಮಸಿಮೋರೆಗೇ ಕುಂಕುಮ ಇಡ್ತೀಯಾ? ನಿನ್ ತಂಗಿ ಓದವ್ಳೆ ಸರಿ. ಲಕ್ಷ್ಮೀನೂ ಓದವ್ಳಾ?"

ಅತ್ತೆಯ ಮೇಲೆ ಹಾಕಿ ತಪ್ಪಿಸಿಕೊಳ್ಳುವುದು ಸುಲಭ. ಆದರೆ ನಿಜ ಹೇಳಬೇಕು — ನನ್ನ ಕೈಯೂ ಬೆಳಗಿನಿಂದ ತುಡಿಯುತ್ತಿತ್ತು. ಹುಟ್ಟಿದಾಗಿನಿಂದ ಪಾತ್ರೆ ತಿಕ್ಕಿದವಳು ನಾನು. ಅವಳು ಪುಸ್ತಕ ಹಿಡಿದು ಕೂತಿದ್ದಾಗ ಅವಳ ತಟ್ಟೆಯನ್ನೂ ತಿಕ್ಕಿದವಳು. ಪಾತ್ರೆಯ ವಿಷಯ ನನಗೆ ಅವಳು ಹೇಳಿಕೊಡಬೇಕೇ — ಹೀಗೊಂದು ಯೋಚನೆ ಬಂತು. ಬಂದಿದ್ದು ಸುಳ್ಳಲ್ಲ.

ಹುಣಸೆಹಣ್ಣು, ಇಟ್ಟಿಗೆಪುಡಿ, ತೆಂಗಿನ ನಾರು ತೆಗೆದುಕೊಂಡು ಕೂತೆ. ಮುನಿಯಮ್ಮ ನೀರು ತಂದವಳು ನಿಂತುಬಿಟ್ಟಳು.

"ಅಕ್ಕಾ, ಮಂಜಮ್ಮ ಬೇಡ ಅಂದಿದ್ರಲ್ಲ..."

"ಒಂದ್ಸಲ ಉಜ್ಜಿದ್ರೆ ಏನಾಗಲ್ಲ ಸುಮ್ನಿರೇ. ನೀರು ಹಾಕು."

ನೀರು ಹಾಕಿದಳು. ಉಜ್ಜಿದೆ. ಮೊದಲು ಕೆಂಪಾಯಿತು, ಆಮೇಲೆ ಒಳಗಿನಿಂದ ಬಿಳಿ ಸ್ಟೀಲ್ ಹೊಳೆಯಿತು. ಅದು ಹೊಳೆದಾಗ ನನಗೆ ಖುಷಿಯೇ ಆಯಿತು. ಇದನ್ನೂ ಹೇಳಿಬಿಡಬೇಕು. ತೊಳೆದ ನೀರು ಕಂದಾಗಿ ಮೋರಿಗೆ ಹರಿದು ಹೋಯಿತು — ತಂಗಿಯ ಎಷ್ಟು ದಿನದ ಶ್ರಮವೋ ಏನೋ, ಹಬ್ಬದ ಕಸದ ಜೊತೆ.

ದೀಪಾವಳಿ ಕಳೆಯುವಷ್ಟರಲ್ಲಿ ಲೋಳೆ ಮತ್ತೆ ಕಟ್ಟತೊಡಗಿತು. ಮುನಿಯಮ್ಮನ ಬೆರಳುಗಳು ಮತ್ತೆ ಬೆಳ್ಳಗಾದವು. ನಾನು ತಂಗಿಗೆ ಫೋನು ಮಾಡಲಿಲ್ಲ. ಇವತ್ತು, ನಾಳೆ ಎನ್ನುತ್ತಿರುವಾಗಲೇ ಅವಳು ಮಾಲೀಕರನ್ನು ಕರೆದುಕೊಂಡು ಬಂದೇಬಿಟ್ಟಳು. ಹೊಸ ಸೀರೆ ಉಟ್ಟಿದ್ದಳು. "ಈ ಯಮ್ಮನ ಕೈ ನೋಡಿ ಸಾರ್" ಎಂದು ಉತ್ಸಾಹದಿಂದ ಮುನಿಯಮ್ಮನ ಕೈಯನ್ನು ನೀರಿನಿಂದ ಎತ್ತಿ ಹಿಡಿದಳು. ಹಿಡಿದವಳು ಹಾಗೇ ನಿಂತಳು. ಸಂದಿಸಂದಿಯಲ್ಲೂ ಕೀವು.

ನೀರು ಚೆಲ್ಲಿಸಿ ಬೇಸಿನ್ನನ್ನು ಬೆಳಕಿಗೆ ಹಿಡಿದಳು. ಬೆರಳಿನಿಂದ ಸವರಿದಳು. ತಳದಲ್ಲಿ ಸಣ್ಣ ಸಣ್ಣ ಗೀರುಗಳಿದ್ದವು. ಅವನ್ನು ಅವಳು ನೋಡಿದಳು — ನೋಡಿದ್ದನ್ನು ನಾನು ನೋಡಿದೆ.

"ಅಕ್ಕಾ, ಇದನ್ನ ಉಜ್ಜಿದ್ಯಾ?"

ಮಾಲೀಕರು ನಿಂತಿದ್ದರು. ನನ್ನ ಗಂಡ, ಅತ್ತೆ, ಕೆಲಸದ ಹೆಂಗಸರು, ಎಲ್ಲರೂ. ಮುನಿಯಮ್ಮ ತಲೆ ಎತ್ತಿ ನನ್ನನ್ನು ನೋಡಿದಳು.

"ಇಲ್ಲ ಕಣೇ. ನೀನು ಹೇಳ್ದಂಗೇ. ಬರೀ ನೀರು."

ಮುನಿಯಮ್ಮ ತಲೆ ತಗ್ಗಿಸಿದಳು. ನಮ್ಮಲ್ಲಿ ಕೂಲಿ ಮಾಡುವವಳು ಇನ್ನೇನು ಮಾಡಿಯಾಳು. ಮಂಜು ಇನ್ನೊಮ್ಮೆ ಕೇಳಲಿಲ್ಲ. ತನ್ನ ಕಣ್ಣಿಗಿಂತ ನನ್ನ ಬಾಯನ್ನು ಹೆಚ್ಚು ನಂಬಿದಳು.

"ಬೆಚ್ಚಗಿನ ನೀರಿಗೇ ನಿಲ್ದಿದ್ದು ಆಸ್ಪತ್ರೇಲಿ ನಿಲ್ಲುತ್ತೇನಮ್ಮಾ?" ಎಂದರು ಮಾಲೀಕರು. ಗದರಲಿಲ್ಲ. ಗದರಿದ್ದರೆ ನಾನು ಬಾಯಿ ಬಿಡುತ್ತಿದ್ದೆನೋ ಏನೋ... ಇಲ್ಲ, ಬಿಡುತ್ತಿರಲಿಲ್ಲ.

ಹೊರಡುವಾಗ ಅವಳು ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಲೇಪ ಕೂರಿಸೋ ಮುಂಚೆ ಸ್ಟೀಲ್‌ನ ಚೆನ್ನಾಗಿ ತೊಳೀಬೇಕಕ್ಕಾ. ನಾನು ತೊಳೆದಿದ್ದು ಸಾಲದಾಯ್ತೇನೋ. ಪಾಪ, ಆ ಯಮ್ಮಂಗೆ ಆಸೆ ತೋರಿಸ್ಬಿಟ್ಟೆ."

ಆ ಕೆಲಸವನ್ನು ಅಲ್ಲಿಗೇ ನಿಲ್ಲಿಸಿದರು. ಅವಳನ್ನು ಪ್ಯಾಕಿಂಗ್ ಕಡೆ ಹಾಕಿದರು. ಸ್ವಲ್ಪ ಕಾಲ ಇದ್ದು ಬಿಟ್ಟಳು. ಮದುವೆಯಾಯಿತು. ಗಂಡನದು ಚಿಂತಾಮಣಿಯಲ್ಲಿ ಸ್ಟೀಲ್ ಪಾತ್ರೆ ಅಂಗಡಿ. ಈಗ ಅವಳು ಗಲ್ಲಾಪೆಟ್ಟಿಗೆಯ ಪಕ್ಕ ಕೂತು, ಕೊಂಡವರ ಪಾತ್ರೆಗೆ ಮಿಷನ್ನಿನಲ್ಲಿ ಹೆಸರು ಕೆತ್ತುತ್ತಾಳೆ. ಒಳ್ಳೆಯ ಗಂಡ, ಅನುಕೂಲದ ಮನೆ, ಕಷ್ಟವೇನೂ ಇಲ್ಲ. ಅದನ್ನೇ ಹೇಳಿಕೊಂಡು ನಾನು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಅವಳ ಮದುವೆಯಲ್ಲಿ ಹೇಳೋಣ ಅಂದುಕೊಂಡೆ. ಮದುವೆಯಲ್ಲಿ ಬೇಡ ಅಂದುಕೊಂಡೆ. ಅಮ್ಮ ಹೋದಾಗ ಇಬ್ಬರೇ ಒಂದು ಕೋಣೆಯಲ್ಲಿ ಮಲಗಿದ್ದೆವು, ಆಗಲೂ ನಾಲಿಗೆ ಏಳಲಿಲ್ಲ. ಸುಮ್ಮನಿರುವುದೂ ಒಂದು ದುಡಿಮೆ. ಅದನ್ನು ಮಾಡಿ ಮಾಡಿ ದಣಿದುಹೋಗಿದ್ದೆ.

ಮುನಿಯಮ್ಮ ನಮ್ಮಲ್ಲಿ ಕೆಲಸ ಬಿಟ್ಟು ಹಿಪ್ಪುನೇರಳೆ ತೋಟಗಳಿಗೆ ಹೋಗುತ್ತಿದ್ದಳು. ಹೋದ ವರ್ಷ ಬಸ್ ನಿಲ್ದಾಣದಲ್ಲಿ ಸಿಕ್ಕಳು. ತಡೆಯಲಾರದೆ, "ಅವತ್ತು ನಿಂಗೂ ಅನ್ಯಾಯ ಮಾಡಿದೆ ಕಣಮ್ಮಾ" ಅಂದೆ. ಅವಳಿಗೆ ಕೋಪ ಬರಲಿಲ್ಲ. "ನನ್ನ ಕೈ ವಾಸಿಯಾಗಿ ಎಷ್ಟೋ ಕಾಲವಾಯ್ತು ಪದ್ದಕ್ಕಾ. ಹೇಳ್ಬೇಕಾದೋರ್ಗೆ ಹೇಳೋದು ಬಿಟ್ಟು ನಂಗೆ ಯಾಕೆ ಹೇಳ್ತೀಯಾ?" ಅಂದು ಬಸ್ಸು ಹತ್ತಿದಳು.

ಅದಾದ ಮೇಲೂ ತಿಂಗಳುಗಳು ಹೋದವು. ಕೊನೆಗೆ ಒಂದು ಮಧ್ಯಾಹ್ನ ಚಿಂತಾಮಣಿಗೆ ಹೋದೆ. ಅಂಗಡಿಯಲ್ಲಿ ಒಬ್ಬಾಕೆ ತಾಮ್ರದ ತಳದ ಪಾತ್ರೆ ಹಿಡಿದು, "ಈ ತಾಮ್ರ ಬಿಟ್ಟು ಬರಲ್ಲ ತಾನೇ?" ಎಂದು ಕೇಳುತ್ತಿದ್ದಳು. ಮಂಜು ಸಣ್ಣಗೆ ನಕ್ಕಳು. "ಅದನ್ನ ಮಾತ್ರ ನನ್ನ ಕೇಳ್ಬೇಡಿ ಕಣಮ್ಮಾ. ನಾನೇ ಒಂದ್ಸಲ ಹಾಕಿದ್ದು ಒಂದು ವರ್ಷವೂ ನಿಲ್ಲಲಿಲ್ಲ. ನಮ್ಮ ಯಜಮಾನ್ರು ಬರ್ಲಿ, ಅವರನ್ನ ಕೇಳಿ." ಎಷ್ಟು ಸಲೀಸಾಗಿ ಹೇಳಿದಳೆಂದರೆ, ಆ ಮಾತನ್ನು ಎಷ್ಟೋ ಜನಕ್ಕೆ ಹೇಳಿ ಸವೆಸಿದ್ದಾಳೆ ಅನ್ನಿಸಿತು.

ಊಟದ ಹೊತ್ತಿಗೆ ಅಂಗಡಿಯ ಹಿಂದಿನ ಮನೆಗೆ ಕರೆದುಕೊಂಡು ಹೋದಳು. ಬೆಳಿಗ್ಗೆ ಈಳಿಗೆಮಣೆ ತಾಗಿ ನನ್ನ ಬೆರಳು ಕುಯ್ದಿತ್ತು, ಬಟ್ಟೆ ಸುತ್ತಿದ್ದೆ. "ತೋರ್ಸು. ಖಾರ ಮುಟ್ಬೇಡ" ಅಂದಳು. ಅಂದವಳೇ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡು, ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ನನ್ನ ಬಾಯಿಗೆ ಹಿಡಿದಳು. ಅವಳ ಕೂದಲೂ ನೆರೆಯುತ್ತಿದೆ ಎಂದು ಆಗ ಕಂಡಿತು.

ಆ ತುತ್ತನ್ನು ನುಂಗಿದೆ. ಎರಡನೆಯದಕ್ಕೆ ಅವಳು ಕೈ ಎತ್ತಿದಾಗ ಆ ಕೈಯನ್ನು ಹಿಡಿದು ನಿಲ್ಲಿಸಿದೆ.

"ಇಡಬೇಡ ಮಂಜು. ಮೊದಲು ಕೇಳು. ಆ ಬೇಸಿನ್ನ ನಾನೇ ಉಜ್ಜಿದ್ದು ಕಣೇ — ಆಯುಧಪೂಜೆಗೆ, ಹುಣಸೆಹಣ್ಣು ಇಟ್ಟಿಗೆಪುಡಿ ಹಾಕಿ. ನೀನು ಕೂರಿಸಿದ್ದು ಗಟ್ಟಿಯಾಗೇ ಇತ್ತು. ನೀನು ತೊಳೆದಿದ್ದೂ ಸರಿಯಾಗೇ ಇತ್ತು. ನೀನು ಕೇಳ್ದಾಗ ಸುಳ್ಳು ಹೇಳ್ದೆ. ತಪ್ಪಾಯ್ತು ಕಣಮ್ಮಾ."